ಮಂಕರಿಯಿಂದ ಜಾಲರಿಗೆ: ಹಿತ್ತಲ ಕೋಳಿಗೂಡು ಬದಲಾದ ಕಥೆ

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದು ಕೋಳಿ ಎತ್ತಿಕೊಂಡು ಊರು ಬಿಟ್ಟ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಆ ಕಥೆಯಲ್ಲಿ ಅಜ್ಜಿ ಗೂಡಿನ ಚಿಂತೆ ಮಾಡುವುದೇ ಇಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಹಳೆಯ ಕಾಲದ ಕೋಳಿಗೂಡು ಎಂದರೆ ಬಹಳ ಮನೆಗಳಲ್ಲಿ ಒಂದು ಬಿದಿರಿನ ಮಂಕರಿ. ಸಂಜೆ ಕೋಳಿಗಳ ಮೇಲೆ ಅದನ್ನು ಕವುಚಿ, ಮೇಲೊಂದು ಕಲ್ಲು ಹೇರಿದರೆ ಮುಗಿಯಿತು.

ಇವತ್ತು ಹಿತ್ತಲಲ್ಲಿ ಗೂಡು ಮಾಡಿಸಲು ಹೊರಟವರು ಮೊದಲು ವೆಲ್ಡಿಂಗ್ ಶಾಪಿಗೆ ಹೋಗುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ತಂದ ಗೂಡಿನಲ್ಲೇ ಕೋಳಿಗಳು ಒಂದೊಂದಾಗಿ ಸಾಯುವುದನ್ನು, ಸುದ್ದಿಗೆಂದು ಹಳ್ಳಿಗಳಿಗೆ ಹೋದಾಗ ನೋಡಿದ್ದೇನೆ. ನಷ್ಟ ಯಾರದು? ಹೆಚ್ಚಿನ ಮನೆಗಳಲ್ಲಿ ಹೆಂಗಸರದು. ಹಾಲಿನ ದುಡ್ಡು ಡೇರಿ ಪಾಸ್‌ಬುಕ್ಕಿಗೆ ಹೋಗುತ್ತದೆ, ಮೊಟ್ಟೆ ಮಾರಿದ ದುಡ್ಡು ಸಾಸಿವೆ ಡಬ್ಬಿಗೆ ಬೀಳುತ್ತದೆ. ಆ ಡಬ್ಬಿ ಖಾಲಿಯಾಗಬಾರದು ಅಂದರೆ ಗೂಡು ಹೇಗೆ ಬದಲಾಯಿತು, ಯಾಕೆ ಬದಲಾಯಿತು ಅಂತ ತಿಳಿದಿರಬೇಕು.

ಮಂಕರಿಯನ್ನು ಬಡವರ ಗೂಡು ಎಂದು ತಳ್ಳಿಹಾಕಬೇಡಿ. ಅದಕ್ಕೆ ನಾಲ್ಕೂ ಕಡೆ ಗಾಳಿ. ಹಗಲು ಖಾಲಿ, ಬಿಸಿಲಲ್ಲಿ ಒಣಗುತ್ತಿತ್ತು. ಇವತ್ತು ಇಲ್ಲಿ, ನಾಳೆ ಅಲ್ಲಿ ಕವುಚುತ್ತಿದ್ದರಿಂದ ಹಿಕ್ಕೆ ಒಂದೇ ಕಡೆ ಗುಡ್ಡೆಯಾಗುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಜಗಲಿಯ ಕೆಳಗೇ ಪೊಟರೆಯಂಥ ಗೂಡು ಬಿಟ್ಟು, ಬಾಯಿಗೆ ಹಲಗೆ ಅಥವಾ ಕಲ್ಲು ಚಪ್ಪಡಿ ಅಡ್ಡ ಇಡುತ್ತಿದ್ದರು. ಅದು ಕಾಡುಬೆಕ್ಕು, ಮುಂಗುಸಿಗಳಿಂದ ಗಟ್ಟಿ ಕಾವಲು. ಆದರೆ ಒಳಗೆ ಕತ್ತಲೆ, ಗಾಳಿಯಿಲ್ಲ, ಕೈ ಹಾಕಿ ಗುಡಿಸುವುದೂ ಕಷ್ಟ. ನನ್ನನ್ನು ಕೇಳಿದರೆ ಆ ಎರಡರಲ್ಲಿ ಮಂಕರಿಯೇ ಮೇಲು.

ಕೋಳಿಗೆ ಬೇಕಾದದ್ದು ಮಾತ್ರ ಎರಡರಲ್ಲೂ ಇರಲಿಲ್ಲ: ಎತ್ತರದಲ್ಲಿ ಕೂರುವ ಜಾಗ. ಕಾಡುಕೋಳಿ ರಾತ್ರಿ ಮರದ ಮೇಲೆ, ಬಿದಿರು ಮೆಳೆಯ ಮೇಲೆ ಮಲಗುತ್ತದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ರಕ್ತವೂ ಅದರಲ್ಲಿ ಸೇರಿದೆ. ಸಾಕುಕೋಳಿಯ ಹಳದಿ ಕಾಲು, ಹಳದಿ ಚರ್ಮದ ಗುಣ ಬಂದದ್ದು ಈ ಬೂದು ಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ಹೇಳಿದರು. ಸಂಜೆಯಾದರೆ ನಾಟಿ ಕೋಳಿ ಹಲಸಿನ ಮರ ಹತ್ತಲು ನೋಡುವುದು ಸುಮ್ಮನೆ ಅಲ್ಲ.

1927ರಲ್ಲಿ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಒಂದು ರೋಗ ಗುರುತಿಸಿದರು. ಕೋಳಿ ತೂಕಡಿಸುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಕತ್ತು ತಿರುಚಿಕೊಳ್ಳುತ್ತದೆ. ಕನ್ನಡದಲ್ಲಿ ನಾವು ಕೊಕ್ಕರೆ ರೋಗ ಅನ್ನುವುದು ಇದನ್ನೇ. ಬಂದರೆ ಒಂದು ಮನೆಯಲ್ಲಿ ನಿಲ್ಲುವುದಿಲ್ಲ, ಇಡೀ ಕೇರಿ ಖಾಲಿ. ಎಷ್ಟು ಗಟ್ಟಿ ಗೂಡು ಕಟ್ಟಿದರೂ ಇದು ಒಳಗೆ ಬರುತ್ತದೆ. ಇದಕ್ಕೆ ಲಸಿಕೆ ಸಿದ್ಧವಾದದ್ದು ಅದೇ ಕುಮಾವು ಬೆಟ್ಟಗಳ ಮುಕ್ತೇಶ್ವರದಲ್ಲಿ, 1940ರ ದಶಕದಲ್ಲಿ. ಮರಿಗೆ ಮೊದಲ ವಾರ ಕಣ್ಣಿಗೆ ಹನಿ, ಆರರಿಂದ ಎಂಟು ವಾರಕ್ಕೆ ರೆಕ್ಕೆ ಕೆಳಗೆ ಚುಚ್ಚುಮದ್ದು. ಇಷ್ಟಾದ ಮೇಲೆ ಗೂಡಿನ ಮಾತು. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಇಡಲು ಹಳೆಯ ಮಂಕರಿ ಈಗಲೂ ಬೇಕು.

ಇನ್ನು ಜಾಲರಿ. ಆರು ಮೂಲೆಯ ಕಣ್ಣಿನ ಕೋಳಿ ಜಾಲರಿಯನ್ನು 1844ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಚಾರ್ಲ್ಸ್ ಬರ್ನಾರ್ಡ್ ಎಂಬಾತ ಬಟ್ಟೆ ನೇಯುವ ಯಂತ್ರದ ಮಾದರಿಯಲ್ಲೇ ನೇಯಲು ಶುರು ಮಾಡಿದ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿ ಹರಿಯುತ್ತದೆ, ಹಾವು ತೂರುತ್ತದೆ. ಫಾರಂ ಶೆಡ್ಡಿನಲ್ಲಿ ಆ ಜಾಲರಿ ನೋಡಿ ಬಂದವರು ಹಿತ್ತಲಲ್ಲೂ ಅದನ್ನೇ ಬಿಗಿದರು. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ದುಬಾರಿ ನಿಜ. ಇಡೀ ಗೂಡಿಗೆ ಆಗದಿದ್ದರೆ ಕೆಳಗಿನ ಎರಡು ಅಡಿಗಾದರೂ ಹಾಕಿಸಿ.

ಗೂಡನ್ನು ನಿಜಕ್ಕೂ ಬದಲಿಸಿದ್ದು ಕೋಳಿಯೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ 1989ರ ಹೊತ್ತಿಗೆ ಹಳ್ಳಿಗೆ ಬಂತು. ವರ್ಷಕ್ಕೆ 130ರಿಂದ 150 ಮೊಟ್ಟೆ, ಮೈತುಂಬ ಮಾಂಸ. ಆದರೆ ದಪ್ಪ ಮೈ, ಹಾರಲಾರದು. ನಾಟಿ ಕೋಳಿ ನಾಯಿ ಕಂಡರೆ ಮಾಡಿಗೆ ಹಾರುತ್ತದೆ, ಗಿರಿರಾಜ ಸಿಕ್ಕಿಬೀಳುತ್ತದೆ. 2005ರಲ್ಲಿ ಬಂದ ಸ್ವರ್ಣಧಾರ ಗಾತ್ರದಲ್ಲಿ ಸಣ್ಣದು, ಕಾಡುಬೆಕ್ಕು ನರಿಗಳಿಂದ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ. ಕೋಳಿ ದಪ್ಪಗಾದಾಗ ಅದನ್ನು ಕಾಯುವ ಕೆಲಸ ಗೂಡಿನ ಮೇಲೆ ಬಿತ್ತು. ಗಿರಿರಾಜ ಸಾಕುವವರು ಕೂರುವ ಕೋಲನ್ನು ಒಂದೂವರೆ ಅಡಿಗಿಂತ ಮೇಲೆ ಕಟ್ಟಬೇಡಿ, ಧುಮುಕಿ ಕಾಲು ನೋಯಿಸಿಕೊಳ್ಳುತ್ತವೆ.

ಹಾಗಾದರೆ ಈಗ ಎಂಥ ಗೂಡು? ನೆಲದಿಂದ ಎರಡು ಮೂರು ಅಡಿ ಮೇಲೆ ನಾಲ್ಕು ಕಂಬ. ಇಲಿ ಹತ್ತದಂತೆ ಕಂಬಕ್ಕೆ ನುಣುಪು ತಗಡು. ಅಡಿಕೆ ದಬ್ಬೆಯೋ ಬಿದಿರು ದಬ್ಬೆಯೋ ಬೆರಳು ಸಂದು ಬಿಟ್ಟು ಹಾಸಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗೊಬ್ಬರವೂ ಆಯಿತು. ಉದ್ದ ಪೂರ್ವ ಪಶ್ಚಿಮಕ್ಕೆ ಇದ್ದರೆ ಬಿಸಿಲು ನೇರ ಹೊಡೆಯುವುದಿಲ್ಲ. ಮಾಡಿನ ಕೆಳಗೆ ಗೇಣುದ್ದ ಗಾಳಿಗೆ ಬಿಡಿ. ಮಳೆಗಾಲದಲ್ಲಿ ಚಳಿಯೆಂದು ಪ್ಲಾಸ್ಟಿಕ್ ಸುತ್ತಿ ಪೂರ್ತಿ ಮುಚ್ಚುವುದೇ ದೊಡ್ಡ ತಪ್ಪು. ನೆಲದ ಮೇಲೆ ಭತ್ತದ ಹೊಟ್ಟು ಹಾಕಿ ಸಾಕುವವರು ಅದನ್ನು ಆಗಾಗ ಕೆದಕಿ, ಒದ್ದೆಯಾದದ್ದನ್ನು ತೆಗೆಯಲೇಬೇಕು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕುಕ್ಕರಗಾಲಲ್ಲಿ ಕೂತು, ಕೋಳಿಯ ಎತ್ತರದಲ್ಲಿ ಒಮ್ಮೆ ಉಸಿರೆಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಕೋಳಿಗೆ ರಾತ್ರಿಯೆಲ್ಲ ಹಾಗೇ ಉರಿದಿರುತ್ತದೆ.

ಮಂಕರಿ ಕಾಲದಲ್ಲಿ ನೆಲೆ ಸಿಗದೆ ಇದ್ದ ಶತ್ರು ಈಗ ಸ್ಥಿರ ಗೂಡಿನಲ್ಲಿ ಮನೆ ಮಾಡಿದೆ: ಕೆಂಪು ನುಸಿ. ಹಗಲು ದಬ್ಬೆಯ ಸಂದಿನಲ್ಲಿ ಅಡಗಿ, ರಾತ್ರಿ ಬಂದು ರಕ್ತ ಹೀರುತ್ತದೆ. ಮೊಟ್ಟೆ ಕಡಿಮೆಯಾಯಿತು, ಜುಟ್ಟು ಬಿಳಿಚಿತು ಅಂದರೆ ರಾತ್ರಿ ಟಾರ್ಚ್ ಹಿಡಿದು ಹೋಗಿ, ಕೂರುವ ಕೋಲಿನ ಕೆಳಭಾಗವನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಮೇಲೆ ಕೆಂಪು ಕಲೆ ಬಿದ್ದರೆ ಮರುದಿನವೇ ಗೂಡು ಖಾಲಿ ಮಾಡಿ, ಸಂದುಸಂದಿಗೂ ಸುಣ್ಣ ಬಳಿಯಿರಿ. ಅದಕ್ಕೇ ಕೂರುವ ಕೋಲಿಗೆ ಮೊಳೆ ಹೊಡೆಯಬೇಡಿ. ಕೊಕ್ಕೆಯಲ್ಲಿ ಇಟ್ಟರೆ, ಎತ್ತಿ ಎರಡು ದಿನ ಬಿಸಿಲಿಗೆ ಹಾಕಬಹುದು.