ಬೆರೆಯುವ ಸ್ವಭಾವ, ಬೇಕಾದ ಆಸರೆ: ಪರದೇಶದ ವಿದ್ಯಾರ್ಥಿಯ ಹೊಂದಾಣಿಕೆ ಕುರಿತು

ಓದಲು ಪರದೇಶಕ್ಕೆ ಹೊರಟವರಿಗೆ ಹಿರಿಯರು ಹೇಳುವ ಬುದ್ಧಿಮಾತು ಒಂದೇ: ನಾಲ್ಕು ಜನರ ಜೊತೆ ಬೆರೆ, ಎಲ್ಲ ಸರಿಹೋಗುತ್ತದೆ. ಬೆರೆಯುವ ಸ್ವಭಾವ ಎಲ್ಲಿ ಹೋದರೂ ಗುಣವೇ, ಆಸರೆ ಯಾರಿಂದ ಬಂದರೂ ಒಂದೇ ಎಂಬ ಎರಡು ನಂಬಿಕೆಗಳು ಈ ಮಾತಿನಲ್ಲಿ ಅಡಗಿವೆ. ಎರಡನ್ನೂ ಅನುಮಾನಿಸಲು ಕಾರಣಗಳಿವೆ.

ನ್ಯೂಜಿಲೆಂಡಿನಲ್ಲಿ ಓದುತ್ತಿದ್ದ ಮಲೇಷ್ಯಾ ಮತ್ತು ಸಿಂಗಪುರದ ವಿದ್ಯಾರ್ಥಿಗಳನ್ನು ಕುರಿತ ಸರ್ಲ್ ಮತ್ತು ವಾರ್ಡ್ ಅವರ 1990ರ ಅಧ್ಯಯನದಲ್ಲಿ ಬಹಿರ್ಮುಖ ಸ್ವಭಾವ ಮನಸ್ಸಿನ ನೆಮ್ಮದಿಗೆ ಒದಗಿಬಂದಿತ್ತು. ಆದರೆ ಅದಕ್ಕೆ ಒಂದು ವರ್ಷ ಮೊದಲು ಸಿಂಗಪುರದಲ್ಲಿ ನೆಲೆಸಿದ್ದ ಇಂಗ್ಲಿಷ್ ಭಾಷಿಕ ವಿದೇಶಿಯರಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ: ಹೆಚ್ಚು ಬಹಿರ್ಮುಖಿಗಳಾದವರಿಗೇ ಬೇಸರ, ಖಿನ್ನತೆ ಹೆಚ್ಚು. ಇವರು ವಿದ್ಯಾರ್ಥಿಗಳಲ್ಲ, ಹೋಲಿಕೆಗೆ ಆ ಮಿತಿ ಇದ್ದೇ ಇದೆ. 1997ರಲ್ಲಿ ವಾರ್ಡ್ ಮತ್ತು ಚಾಂಗ್ ಈ ಗಂಟನ್ನು ಬಿಡಿಸಲು ನೋಡಿದರು. ಸಿಂಗಪುರದ ಅಮೆರಿಕನ್ನರಲ್ಲಿ ಬಹಿರ್ಮುಖತೆ ಎಷ್ಟಿದೆ ಎನ್ನುವುದಕ್ಕಿಂತ ಅದು ಸ್ಥಳೀಯರ ಸರಾಸರಿಗೆ ಎಷ್ಟು ಹತ್ತಿರವಿದೆ ಎನ್ನುವುದೇ ಮುಖ್ಯವಾಗಿ ಕಂಡಿತು. ಸೊಗಸಾದ ವಿವರಣೆ. ಆದರೆ ಐದು ವ್ಯಕ್ತಿತ್ವ ಲಕ್ಷಣಗಳನ್ನು ಅಳೆದ 2004ರ ಅಧ್ಯಯನದಲ್ಲಿ ವಾರ್ಡ್ ಅವರ ತಂಡಕ್ಕೇ ಅದರ ಸಮರ್ಥನೆ ಸಿಗಲಿಲ್ಲ. ಸ್ವಂತ ಊಹೆಯನ್ನು ಒರೆಗೆ ಹಚ್ಚಿ, ಸೋತದ್ದನ್ನು ಹಾಗೆಯೇ ಪ್ರಕಟಿಸುವುದು ನಮ್ಮ ಸಂಶೋಧನಾ ವಲಯದಲ್ಲಿ ಇನ್ನಷ್ಟು ನಡೆಯಬೇಕಾದ ಕೆಲಸ.

ಆಸರೆಯ ವಿಷಯದಲ್ಲಿ ಬಾಕ್ನರ್ ಮತ್ತು ಸಂಗಡಿಗರು 1977ರಲ್ಲಿ ಹವಾಯಿಯಲ್ಲಿ ಗುರುತಿಸಿದ ಮೂರು ಸ್ನೇಹವಲಯಗಳು ಇಂದಿಗೂ ಉಪಯುಕ್ತ. ಸ್ವದೇಶಿಗಳ ವಲಯದಲ್ಲಿ ತನ್ನತನ ಉಳಿಯುತ್ತದೆ, ಸ್ಥಳೀಯರಿಂದ ಓದು ಮತ್ತು ವೃತ್ತಿಯ ಕೆಲಸಗಳು ಸಾಗುತ್ತವೆ, ಇತರ ವಿದೇಶಿಯರೊಡನೆ ಹೊತ್ತು ಕಳೆಯುತ್ತದೆ. ಒಂದು ವಲಯದ ಕೆಲಸವನ್ನು ಇನ್ನೊಂದು ಮಾಡಿಕೊಡುವುದು ಕಷ್ಟ.

ಈ ವಿಂಗಡಣೆ ಭಾರತೀಯರ ಮುಂದೆ ತಡವರಿಸುತ್ತದೆ. 2023–24ರಲ್ಲಿ ಅಮೆರಿಕದಲ್ಲಿದ್ದ 3,31,602 ಭಾರತೀಯ ವಿದ್ಯಾರ್ಥಿಗಳು ಇಂಥ ಅಧ್ಯಯನಗಳ ಪ್ರಶ್ನಾವಳಿಯಲ್ಲಿ ಪರಸ್ಪರ 'ಸ್ವದೇಶಿ'ಗಳು. ಹಾಸನದ ಹುಡುಗಿಯೊಬ್ಬಳು ಹಿಂದಿ, ತೆಲುಗಿನ ಮೂವರ ಜೊತೆ ಬಾಡಿಗೆ ಹಂಚಿಕೊಂಡಿದ್ದಾಳೆ ಎನ್ನಿ. ರಾತ್ರಿ ಊಟಕ್ಕೆ ಕೂತಾಗಲೂ ಆಕೆ ಕಲಿತ ಭಾಷೆಯಲ್ಲೇ ಮಾತಾಡಬೇಕು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೋದ ದಿನ ಮಾತಿನ ಹಸಿವು ತಣಿಯಬಹುದು. ಆದರೆ ಅಲ್ಲಿರುವವರು ಬಹುಪಾಲು ಸಂಸಾರಸ್ಥರು, ಅವಳ ಪರೀಕ್ಷೆ, ವೀಸಾ, ಒಂಟಿತನಗಳ ಓರಗೆಯವರಲ್ಲ. ಮನೆಯಲ್ಲಿರುವ ಆ ಮೂವರನ್ನು ಬಾಕ್ನರ್ ಅವರ ಯಾವ ವಲಯಕ್ಕೆ ಸೇರಿಸಬೇಕು? ಪ್ರಶ್ನಾವಳಿ ರೂಪಿಸುವವರು ರಾಷ್ಟ್ರೀಯತೆಯ ಜೊತೆಗೆ ಮನೆಮಾತನ್ನೂ ಕೇಳಿದರೆ ಉತ್ತರಕ್ಕೆ ದಾರಿಯಾದೀತು.