ಕಣಕ್ಕಿಳಿಯುವ ಮೊದಲೇ: ಆಸ್ಕರ್ ಶ್ರೇಷ್ಠ ನಟಿ ಪ್ರಶಸ್ತಿಯ ಪೈಪೋಟಿಗಳ ಒಂದು ಮರುಪರಿಶೀಲನೆ

1951ರ ಮಾರ್ಚ್ 29ರಂದು ನಡೆದ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ನಟಿ ಎಂದು ಘೋಷಣೆಯಾದದ್ದು 'ಬಾರ್ನ್ ಯೆಸ್ಟರ್‌ಡೇ' ಚಿತ್ರದ ಜೂಡಿ ಹಾಲಿಡೇ ಅವರ ಹೆಸರು. ಸೋತ ನಾಲ್ವರಲ್ಲಿ 'ಸನ್‌ಸೆಟ್ ಬುಲೆವಾರ್ಡ್'ನ ಗ್ಲೋರಿಯಾ ಸ್ವಾನ್ಸನ್ ಮತ್ತು 'ಕೇಜ್ಡ್'ನ ಎಲಿನಾರ್ ಪಾರ್ಕರ್ ಇದ್ದರು. ಉಳಿದ ಇಬ್ಬರು, ಬೆಟ್ಟಿ ಡೇವಿಸ್ ಮತ್ತು ಆನ್ ಬ್ಯಾಕ್ಸ್ಟರ್, 'ಆಲ್ ಅಬೌಟ್ ಈವ್' ಎಂಬ ಒಂದೇ ಚಿತ್ರದವರು. ಒಂದೇ ಚಿತ್ರದ ಇಬ್ಬರು ನಾಯಕಿಯರು ಒಬ್ಬರ ಮತವನ್ನು ಇನ್ನೊಬ್ಬರು ಕಿತ್ತುಕೊಂಡರು, ಆ ಸಂದಿನಲ್ಲಿ ಹಾಲಿಡೇ ಗೆದ್ದರು ಎಂಬ ವಿವರಣೆ ಅಂದಿನಿಂದ ಇಂದಿನವರೆಗೆ ಚಲಾವಣೆಯಲ್ಲಿದೆ. ಚುನಾವಣೆಗಳನ್ನು ನೋಡಿ ಪಳಗಿದ ನಮಗೆ ಮತ ವಿಭಜನೆಯ ಈ ತರ್ಕ ಸಹಜವೆನ್ನಿಸುತ್ತದೆ. ಆದರೆ ಪುರಾವೆ ಕೇಳಿದರೆ ಕೈಗೆ ಸಿಗುವುದು ಬಹಳ ಕಡಿಮೆ. ಯಾರಿಗೆ ಎಷ್ಟು ಮತ ಬಿತ್ತೆಂಬುದನ್ನು ಅಕಾಡೆಮಿ ಪ್ರಕಟಿಸುವುದಿಲ್ಲ. ಉಳಿದ ದಾರಿ ಹೋಲಿಕೆಯೊಂದೇ. ಒಂದೇ ಚಿತ್ರದ ಇಬ್ಬರು ಈ ವಿಭಾಗದಲ್ಲಿ ಎದುರಾದದ್ದು ಐದು ಸಲ: 1950ರ ಈ ಚಿತ್ರ, 1959ರ 'ಸಡನ್ಲಿ, ಲಾಸ್ಟ್ ಸಮರ್', 1977ರ 'ದಿ ಟರ್ನಿಂಗ್ ಪಾಯಿಂಟ್', 1983ರ 'ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್', 1991ರ 'ಥೆಲ್ಮಾ ಅಂಡ್ ಲೂಯಿಸ್'. ನಾಲ್ಕು ಸಲ ಇಬ್ಬರೂ ಸೋತರು. 1983ರಲ್ಲಿ ಮಾತ್ರ ಸಹನಟಿ ಡೆಬ್ರಾ ವಿಂಗರ್ ಕಣದಲ್ಲಿದ್ದರೂ ಶರ್ಲಿ ಮೆಕ್ಲೇನ್ ಗೆದ್ದರು. ಐವರಲ್ಲಿ ಇಬ್ಬರು ಒಂದೇ ಚಿತ್ರದವರಾದಾಗ, ಬರೀ ಚೀಟಿ ಎತ್ತಿದರೂ ಐದರಲ್ಲಿ ಎರಡು ಸಲ ಆ ಚಿತ್ರಕ್ಕೆ ಗೆಲುವು ಬರಬೇಕು. ಬಂದದ್ದು ಒಂದು ಸಲ. ಎರಡಕ್ಕೂ ಒಂದಕ್ಕೂ ನಡುವಿನ ಈ ಅಂತರದ ಮೇಲೆ ಒಂದು ಸಿದ್ಧಾಂತವನ್ನು ಕಟ್ಟಲಾಗದು.

1950ರ ಪ್ರಸಂಗದಲ್ಲಿ ದಾಖಲೆಯ ಬಲವಿರುವ ಸಂಗತಿ ಬೇರೆಯೇ ಇದೆ. ಬ್ಯಾಕ್ಸ್ಟರ್ 1946ರ 'ದಿ ರೇಜರ್ಸ್ ಎಡ್ಜ್' ಚಿತ್ರಕ್ಕೆ ಪೋಷಕ ನಟಿ ಪ್ರಶಸ್ತಿಯನ್ನು ಅದಾಗಲೇ ಪಡೆದಿದ್ದರು. ಈ ಸಲ ತಮ್ಮನ್ನು ಪ್ರಧಾನ ನಟಿಯ ವಿಭಾಗದಲ್ಲೇ ಪರಿಗಣಿಸಬೇಕೆಂದು ಪಟ್ಟು ಹಿಡಿದರು. ಅದೇ ಚಿತ್ರದ ಸೆಲೆಸ್ಟ್ ಹೋಮ್ ಮತ್ತು ಥೆಲ್ಮಾ ರಿಟರ್ ಪೋಷಕ ನಟಿಯರ ಪಟ್ಟಿಯಲ್ಲಿದ್ದರು. ಹಾಗಾದರೆ ಮತದಾರರ ಮನಸ್ಸು ಹೇಗೆ ಹಂಚಿಹೋಯಿತು ಎಂದು ಊಹಿಸುವುದಕ್ಕೆ ಮೊದಲು, ಆ ಐದು ಹೆಸರುಗಳು ಒಂದೇ ಪಟ್ಟಿಗೆ ಹೇಗೆ ಬಂದವು ಎಂದು ಕೇಳಬೇಕಾಗುತ್ತದೆ. ಈ ಪ್ರಶಸ್ತಿಯ ಚರಿತ್ರೆಯನ್ನು ಕೊನೆಯ ಮತದಾನದಿಂದ ಹಿಂದಕ್ಕೆ ಓದುವ ರೂಢಿ ನಮ್ಮನ್ನು ದಾರಿ ತಪ್ಪಿಸಿದೆ ಎನ್ನುವುದು ಈ ಲೇಖನದ ವಾದ. ಮತಪತ್ರ ಯಾರ ಕೈಗೆ ಹೋಗುತ್ತದೆ, ಯಾವ ಪಾತ್ರ ಪ್ರಧಾನವೆನಿಸಿಕೊಳ್ಳುತ್ತದೆ, ಯಾವ ನಟಿಗೆ ಅಂಥ ಪಾತ್ರ ಸಿಗುತ್ತದೆ ಎಂಬ ನಿರ್ಧಾರಗಳು ಫಲಿತಾಂಶವನ್ನು ಮತದಾನಕ್ಕೆ ಮುಂಚೆಯೇ ಬಹುಮಟ್ಟಿಗೆ ರೂಪಿಸಿವೆ. ಮತದಾರರ ಅನುಕಂಪ, ಋಣಭಾವ, ಮುನಿಸುಗಳ ಬಗ್ಗೆ ನಮಗಿರುವುದು ಊಹೆ. ಈ ನಿರ್ಧಾರಗಳಿಗಾದರೋ ದಾಖಲೆ ಇದೆ.

ಮೊದಲ ಏಳೆಂಟು ವರ್ಷಗಳು ಇದಕ್ಕೆ ಹೇರಳವಾದ ಸಾಕ್ಷ್ಯ ಒದಗಿಸುತ್ತವೆ. 1929ರ ಮೇ 16ರ ಮೊದಲ ಸಮಾರಂಭದಲ್ಲಿ ಜಾನೆಟ್ ಗೇನರ್ ಅವರಿಗೆ ಪ್ರಶಸ್ತಿ ಬಂದದ್ದು 'ಸೆವೆಂತ್ ಹೆವನ್', 'ಸ್ಟ್ರೀಟ್ ಏಂಜೆಲ್', 'ಸನ್‌ರೈಸ್' ಎಂಬ ಮೂರು ಚಿತ್ರಗಳಿಗೆ ಒಟ್ಟಾಗಿ. ಅಂದರೆ ಆಗ ತೂಗಿದ್ದು ಒಂದು ಪಾತ್ರವನ್ನಲ್ಲ, ನಟಿಯೊಬ್ಬಳ ಆ ಅವಧಿಯ ಒಟ್ಟು ದುಡಿಮೆಯನ್ನು. ಮರುವರ್ಷ 'ಕೊಕೆಟ್' ಚಿತ್ರಕ್ಕಾಗಿ ಮೇರಿ ಪಿಕ್‌ಫೋರ್ಡ್ ಗೆದ್ದರು. ಅವರು ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿ ಒಬ್ಬರು, ಅವರ ಪತಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಅದರ ಮೊದಲ ಅಧ್ಯಕ್ಷರು, ವಿಜೇತರನ್ನು ಆರಿಸುತ್ತಿದ್ದದ್ದು ಬೆರಳೆಣಿಕೆಯ ತೀರ್ಪುಗಾರರ ಮಂಡಳಿ. ತೀರ್ಪುಗಾರರನ್ನು ಪಿಕ್‌ಫೋರ್ಡ್ ಮನೆಗೆ ಚಹಾಕ್ಕೆ ಕರೆದಿದ್ದರೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಕಥೆಗಿಂತ ಅದರ ಬೆನ್ನಿಗೇ ಆದ ಬದಲಾವಣೆ ಮುಖ್ಯವಾದದ್ದು: ಮಂಡಳಿಯ ಕೈಯಲ್ಲಿದ್ದ ಆಯ್ಕೆ ಅಕಾಡೆಮಿಯ ಸದಸ್ಯರೆಲ್ಲರ ಮತಕ್ಕೆ ಹೋಯಿತು. ಮಂಡಳಿಯ ಪದ್ಧತಿ ಮುಂದುವರಿದಿದ್ದರೆ 'ಪೈಪೋಟಿ' ಎಂದು ನಾವಿಂದು ಕರೆಯುವ ವಸ್ತುವೇ ಹುಟ್ಟುತ್ತಿರಲಿಲ್ಲ.

1934ರ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 'ಆಫ್ ಹ್ಯೂಮನ್ ಬಾಂಡೇಜ್' ಚಿತ್ರದಲ್ಲಿ ಬೆಟ್ಟಿ ಡೇವಿಸ್ ಮಾಡಿದ ಮಿಲ್ಡ್ರೆಡ್ ಪಾತ್ರವನ್ನು ವಿಮರ್ಶಕರು ಕೊಂಡಾಡಿದ್ದರು. ಡೇವಿಸ್ ಕರಾರು ವಾರ್ನರ್ ಬ್ರದರ್ಸ್ ಜೊತೆ ಇತ್ತು; ಚಿತ್ರ ಆರ್‌ಕೆಒ ಸಂಸ್ಥೆಯದು, ನಟಿಯನ್ನು ಅದಕ್ಕೆ ಎರವಲು ಕೊಡಲಾಗಿತ್ತು. ಹೀಗಿರುವಾಗ ಅವರ ಪರವಾಗಿ ದನಿ ಎತ್ತುವುದರಲ್ಲಿ ಎರಡು ಸ್ಟುಡಿಯೋಗಳಿಗೂ ಪೂರ್ತಿ ಲಾಭವಿರಲಿಲ್ಲ. ಆ ವರ್ಷ ನಾಮನಿರ್ದೇಶನಕ್ಕಿದ್ದದ್ದು ಮೂರೇ ಸ್ಥಾನ: ಕ್ಲಾಡೆಟ್ ಕೋಲ್ಬರ್ಟ್, ಗ್ರೇಸ್ ಮೂರ್, ನಾರ್ಮಾ ಶಿಯರರ್. ಡೇವಿಸ್ ಹೆಸರು ಕಾಣದೆ ಹೋದಾಗ ಎದ್ದ ಗದ್ದಲಕ್ಕೆ ಮಣಿದ ಅಕಾಡೆಮಿ, ಪಟ್ಟಿಯಲ್ಲಿಲ್ಲದ ಹೆಸರನ್ನೂ ಮತಪತ್ರದಲ್ಲಿ ಕೈಯಾರೆ ಬರೆಯಬಹುದೆಂದಿತು. 'ಇಟ್ ಹ್ಯಾಪನ್ಡ್ ಒನ್ ನೈಟ್' ಚಿತ್ರಕ್ಕಾಗಿ ಕೋಲ್ಬರ್ಟ್ ಗೆದ್ದರು. ಮರುವರ್ಷ ಶ್ರೇಷ್ಠ ನಟಿಯ ಪಟ್ಟಿ ಆರು ಹೆಸರುಗಳಿಗೆ ಹಿಗ್ಗಿತು, ಕೈಬರಹದ ಅವಕಾಶ ಉಳಿಯಿತು, 'ಡೇಂಜರಸ್' ಎಂಬ ಅಷ್ಟೇನೂ ಗಟ್ಟಿಯಲ್ಲದ ಚಿತ್ರಕ್ಕೆ ಡೇವಿಸ್ ಪ್ರಶಸ್ತಿ ಪಡೆದರು. ಆ ಅವಕಾಶದಿಂದ ನಿಜವಾಗಿ ಗೆದ್ದವರು 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್'ನ ಛಾಯಾಗ್ರಾಹಕ ಹಾಲ್ ಮೋರ್. ಆಮೇಲೆ ಅದನ್ನು ತೆಗೆದುಹಾಕಿದರು. 'ಡೇಂಜರಸ್'ಗೆ ಸಿಕ್ಕಿದ್ದು ಹಿಂದಿನ ವರ್ಷದ ಸಮಾಧಾನದ ಬಹುಮಾನವೆಂದು ಡೇವಿಸ್ ಅವರೇ ಮುಂದೆ ಹೇಳಿಕೊಂಡರು. ಋಣ ತೀರಿಸುವ ಮತ ಎಂಬ ವಿವರಣೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಆದರೂ ಆ ಋಣ ಹುಟ್ಟಿದ್ದೆಲ್ಲಿ? ಮೂರು ಸ್ಥಾನಗಳ ಪಟ್ಟಿಯಲ್ಲಿ, ಎರವಲು ನಟಿಯ ಕರಾರಿನಲ್ಲಿ. 1934ರಲ್ಲೇ ಆರು ಹೆಸರುಗಳ ಪಟ್ಟಿ ಇದ್ದಿದ್ದರೆ ಡೇವಿಸ್ ಅವರನ್ನು ಹೊರಗಿಡುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

1936ರಲ್ಲಿ ಪೋಷಕ ನಟ, ಪೋಷಕ ನಟಿ ವಿಭಾಗಗಳು ಹುಟ್ಟಿದವು. ಆ ಮೊದಲ ಏಳು ವರ್ಷ ಪೋಷಕರಿಗೆ ಕೊಡುತ್ತಿದ್ದದ್ದು ಪ್ರತಿಮೆಯನ್ನಲ್ಲ, ಫಲಕವನ್ನು. 1943ರ ಚಿತ್ರಗಳಿಂದಾಚೆಗೆ ಮಾತ್ರ ಅವರಿಗೂ ಪೂರ್ಣಪ್ರಮಾಣದ ಪ್ರತಿಮೆ ಸಿಕ್ಕಿತು. ಎರಡು ಪ್ರಶಸ್ತಿಗಳ ನಡುವೆ ಮೇಲು ಕೀಳು ಇದ್ದಮೇಲೆ ಪಾತ್ರ ಯಾವ ಕಡೆಯದು ಎಂಬುದು ಅಳತೆಯ ವಿಷಯವಾಗಿ ಉಳಿಯಲಿಲ್ಲ, ಅಂತಸ್ತಿನ ವಿಷಯವಾಯಿತು. ಅದೇ 1936ರಲ್ಲಿ 'ದಿ ಗ್ರೇಟ್ ಜೀಗ್‌ಫೆಲ್ಡ್' ಚಿತ್ರಕ್ಕೆ ಪ್ರಧಾನ ನಟಿಯಾಗಿ ಗೆದ್ದ ಲೂಯಿಸ್ ರೈನರ್, ಸುಮಾರು ಮೂರು ಗಂಟೆಯ ಆ ಚಿತ್ರದ ಒಂದು ಭಾಗದಲ್ಲಷ್ಟೇ ಇದ್ದಾರೆ. ನೋಡಿದವರ ನೆನಪಿನಲ್ಲಿ ನಿಲ್ಲುವುದು ಅವರ ದೂರವಾಣಿಯ ದೃಶ್ಯ. ಎಪ್ಪತ್ತೆರಡು ವರ್ಷಗಳ ಬಳಿಕವೂ ಗೊಂದಲ ತೀರಿರಲಿಲ್ಲ. 2008ರ 'ದಿ ರೀಡರ್' ಚಿತ್ರದಲ್ಲಿ ಕೇಟ್ ವಿನ್ಸ್ಲೆಟ್ ಅಭಿನಯವನ್ನು ಪೋಷಕ ಪಾತ್ರವೆಂದು ಪ್ರಚಾರ ಮಾಡಲಾಗಿತ್ತು. ಗೋಲ್ಡನ್ ಗ್ಲೋಬ್‌ನವರು ಅದನ್ನು ಒಪ್ಪಿ ಪೋಷಕ ನಟಿ ಪ್ರಶಸ್ತಿಯನ್ನೇ ಕೊಟ್ಟರು. 'ರೆವಲ್ಯೂಷನರಿ ರೋಡ್' ಚಿತ್ರಕ್ಕೆ ಪ್ರಧಾನ ನಟಿ ಪ್ರಶಸ್ತಿಯೂ ಅವರಿಗೇ ಹೋಯಿತು. ಅಕಾಡೆಮಿಯ ನಟರ ಶಾಖೆ ಮಾತ್ರ 'ದಿ ರೀಡರ್' ಪಾತ್ರವನ್ನು ಪ್ರಧಾನವೆಂದು ಎಣಿಸಿತು, ಒಂದೇ ವಿಭಾಗದಲ್ಲಿ ಒಬ್ಬರಿಗೆ ಎರಡು ಸ್ಥಾನ ಇಲ್ಲದ ಕಾರಣ 'ರೆವಲ್ಯೂಷನರಿ ರೋಡ್' ಹೊರಗುಳಿಯಿತು, ಮತ್ತು 2009ರ ಫೆಬ್ರವರಿಯಲ್ಲಿ ಅವರು ಪ್ರಧಾನ ನಟಿಯಾಗಿ ಗೆದ್ದರು. ಅಭಿನಯ ಒಂದೇ, ವಾರಗಳ ಅಂತರದಲ್ಲಿ ಎರಡು ಸಂಸ್ಥೆಗಳು ಅದನ್ನು ಎರಡು ಬೇರೆ ಕಣಗಳಲ್ಲಿ ನಿಲ್ಲಿಸಿದವು. ನನ್ನ ವಾದಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಕಾಣೆ.

ನಮ್ಮಲ್ಲೂ ಈ ಗೆರೆಯನ್ನು ಪ್ರಶ್ನಿಸಿದವರಿದ್ದಾರೆ. ಬಿಮಲ್ ರಾಯ್ ಅವರ 1955ರ 'ದೇವದಾಸ್' ಚಿತ್ರದ ಚಂದ್ರಮುಖಿ ಪಾತ್ರಕ್ಕೆ ಫಿಲ್ಮ್‌ಫೇರ್ ಪೋಷಕ ನಟಿ ಪ್ರಶಸ್ತಿ ಬಂದಾಗ, ತಮ್ಮದು ಸುಚಿತ್ರಾ ಸೇನ್ ಅವರ ಪಾರೋಗೆ ಸರಿಸಮನಾದ ಪಾತ್ರವೆಂದು ವೈಜಯಂತಿಮಾಲಾ ಅದನ್ನು ನಿರಾಕರಿಸಿದರು. 1963ರ ಫಿಲ್ಮ್‌ಫೇರ್‌ನಲ್ಲಿ ನಾಯಕಿ ವಿಭಾಗದ ಮೂರೂ ನಾಮನಿರ್ದೇಶನಗಳು ಮೀನಾ ಕುಮಾರಿ ಅವರವೇ ಆಗಿದ್ದವು. 'ಸಾಹಿಬ್ ಬೀಬಿ ಔರ್ ಗುಲಾಮ್' ಗೆದ್ದಿತು, ಆದರೆ ಅಲ್ಲಿ ಸೋಲಬಹುದಾದ ಇನ್ನೊಬ್ಬ ನಟಿಯೇ ಇರಲಿಲ್ಲ. ಒಬ್ಬರ ಎರಡು ಅಭಿನಯಗಳಿಗೆ ಎಡೆಯಿಲ್ಲವೆಂಬ ಆಸ್ಕರ್ ನಿಯಮ ಅಲ್ಲಿಯೂ ಇದ್ದಿದ್ದರೆ ಆ ವರ್ಷದ ಚರಿತ್ರೆಯನ್ನು ಬೇರೆ ರೀತಿ ಬರೆಯುತ್ತಿದ್ದೆವು.

ಬರೆದಿಟ್ಟ ನಿಯಮಗಳಷ್ಟೇ ಗೆರೆ ಎಳೆಯುವುದಿಲ್ಲ ಎನ್ನುವುದಕ್ಕೆ 1964 ಸಾಕ್ಷಿ. 'ಮೈ ಫೇರ್ ಲೇಡಿ' ಹನ್ನೆರಡು ನಾಮನಿರ್ದೇಶನ ಪಡೆದು ಎಂಟು ಪ್ರಶಸ್ತಿ ಗೆದ್ದಿತು, ನಾಯಕಿ ಆಡ್ರಿ ಹೆಪ್‌ಬರ್ನ್ ಮಾತ್ರ ಪಟ್ಟಿಯಲ್ಲೇ ಇರಲಿಲ್ಲ. ಅದೇ ಪಾತ್ರವನ್ನು ರಂಗಭೂಮಿಯಲ್ಲಿ ಮೊದಲು ಮಾಡಿ, ಚಿತ್ರಕ್ಕೆ ಆಯ್ಕೆಯಾಗದೆ ಉಳಿದ ಜೂಲಿ ಆಂಡ್ರ್ಯೂಸ್ 'ಮೇರಿ ಪಾಪಿನ್ಸ್'ಗೆ ಪ್ರಶಸ್ತಿ ಪಡೆದರು. ಹೆಪ್‌ಬರ್ನ್ ಹಾಡುಗಳನ್ನು ಮಾರ್ನಿ ನಿಕ್ಸನ್ ಹಾಡಿದ್ದೇ ಕಾರಣ ಎನ್ನುವುದು ವಾಡಿಕೆ. ಆದರೆ 1956ರ 'ದಿ ಕಿಂಗ್ ಅಂಡ್ ಐ' ಚಿತ್ರದಲ್ಲಿ ಡೆಬೊರಾ ಕೆರ್ ಅವರಿಗೂ ದನಿ ಕೊಟ್ಟವರು ಇದೇ ನಿಕ್ಸನ್. ಕೆರ್ ನಾಮನಿರ್ದೇಶನ ಪಡೆದರು. 1954ರ 'ಕಾರ್ಮೆನ್ ಜೋನ್ಸ್'ನಲ್ಲಿ ಡೊರೊಥಿ ಡ್ಯಾಂಡ್ರಿಜ್ ಅವರ ಹಾಡುಗಳನ್ನು ಹಾಡಿದವರು ಮರಿಲಿನ್ ಹಾರ್ನ್. ಡ್ಯಾಂಡ್ರಿಜ್ ಹೆಸರೂ ಪಟ್ಟಿಗೆ ಬಂತು. ಎಂದಮೇಲೆ ಹಿನ್ನೆಲೆ ಗಾಯನ ಅಡ್ಡಿಯೆಂಬ ನಿಯಮ ಇರಲಿಲ್ಲ. ಒಂದು ದಶಕದಲ್ಲಿ ಅಡ್ಡಿಯಾಗದ್ದು ಮುಂದಿನ ದಶಕದಲ್ಲಿ ಅಡ್ಡಿಯಾಗಿ ಕಂಡಿತು. ನಾಮನಿರ್ದೇಶನ ಮಾಡುವ ನಟರ ಶಾಖೆಯ ಒಳಗೆ ಹೀಗೆ ಸರಿದಾಡುವ ಗೆರೆಯನ್ನು ಕೊನೆಯ ಮತದಾರ ದಾಟಲಾರ. ಅವನ ಮುಂದಿರುವುದು ಐದೇ ಹೆಸರು.

ಮತಪತ್ರ ಯಾರ ಕೈಲಿತ್ತು ಎಂಬ ಪ್ರಶ್ನೆ 1968ರಲ್ಲಿ ಕಣ್ಣಿಗೆ ಹೊಡೆಯುವಂತೆ ಎದುರಾಗುತ್ತದೆ. 'ದಿ ಲಯನ್ ಇನ್ ವಿಂಟರ್'ನ ಕ್ಯಾಥರೀನ್ ಹೆಪ್‌ಬರ್ನ್, 'ಫನ್ನಿ ಗರ್ಲ್'ನ ಬಾರ್ಬರಾ ಸ್ಟ್ರೈಸಾಂಡ್ ಸರಿಸಮ ಮತ ಪಡೆದು ಪ್ರಶಸ್ತಿ ಹಂಚಿಕೊಂಡರು. ಸ್ಟ್ರೈಸಾಂಡ್ ಅವರಿಗೆ ಅದು ಮೊದಲ ಚಿತ್ರ. ಅದಕ್ಕೂ ಮುಂಚೆಯೇ ಅಕಾಡೆಮಿ ಅವರನ್ನು ಸದಸ್ಯೆಯಾಗಿ ಸೇರಿಸಿಕೊಂಡಿತ್ತು. ಅವರು ತಮಗೇ ಮತ ಹಾಕಿಕೊಂಡಿದ್ದರೆ, ಆ ಸದಸ್ಯತ್ವ ಇಲ್ಲದ ಪಕ್ಷದಲ್ಲಿ ಹೆಪ್‌ಬರ್ನ್ ಒಬ್ಬರೇ ವಿಜೇತರು. ಸಮ ಎಂದರೇನು ಎಂಬುದನ್ನೂ ನಿಯಮವೇ ತೀರ್ಮಾನಿಸುತ್ತದೆ: 1932ರ ನಟರ ವಿಭಾಗದಲ್ಲಿ ಫ್ರೆಡ್ರಿಕ್ ಮಾರ್ಚ್ ಒಂದು ಮತ ಹೆಚ್ಚು ಪಡೆದಿದ್ದರೂ, ಅಂದಿನ ನಿಯಮದಂತೆ ಅಷ್ಟು ಸಣ್ಣ ಅಂತರವನ್ನು ಸಮವೆಂದೇ ಪರಿಗಣಿಸಿ ವಾಲೆಸ್ ಬೀರಿ ಅವರಿಗೂ ಪ್ರಶಸ್ತಿ ಕೊಟ್ಟಿದ್ದರು.

ಈ ವಾದಕ್ಕೆ ಎರಡು ಗಂಭೀರ ಆಕ್ಷೇಪಗಳಿವೆ. ಮೊದಲನೆಯದು ಅನುಕಂಪದ್ದು. 1961ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಎಲಿಜಬೆತ್ ಟೇಲರ್ ಸಾವಿನ ಅಂಚಿಗೆ ಹೋಗಿ, ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಬದುಕಿದರು; ಮರುತಿಂಗಳು 'ಬಟರ್‌ಫೀಲ್ಡ್ 8' ಚಿತ್ರಕ್ಕೆ ಪ್ರಶಸ್ತಿ ಬಂತು. ಆ ಚಿತ್ರ ಸ್ವತಃ ಟೇಲರ್ ಅವರಿಗೇ ಹಿಡಿಸಿರಲಿಲ್ಲ. ಇಲ್ಲಿ ಮತದಾರರ ಮನಸ್ಸೇ ಎಲ್ಲವನ್ನೂ ನಿರ್ಧರಿಸಲಿಲ್ಲವೇ? ನಿರ್ಧರಿಸಿರಬಹುದು. ಆದರೆ ಟೇಲರ್ ಅದರ ಹಿಂದಿನ ಮೂರು ವರ್ಷವೂ ನಾಮನಿರ್ದೇಶನ ಪಡೆದು ಸೋತಿದ್ದರು. ಹಾಗಾಗಿ ಋಣ ತೀರಿಸಿದರು ಎಂಬ ವಿವರಣೆಯೂ ಅಷ್ಟೇ ಚೆನ್ನಾಗಿ ಹೊಂದುತ್ತದೆ, ಎರಡರಲ್ಲಿ ಯಾವುದು ಸರಿ ಎಂದು ಹೇಳಬಲ್ಲ ಮತಗಣನೆ ನಮ್ಮ ಬಳಿ ಇಲ್ಲ. ಒಂದೇ ಘಟನೆಗೆ ಎರಡು ಕಾರಣ ಸಮನಾಗಿ ಒಪ್ಪುವಾಗ ಸಂಶೋಧಕರು ಅವೆರಡನ್ನೂ ಸಾಧ್ಯತೆಯ ಮಟ್ಟದಲ್ಲೇ ಇಡಬೇಕು. ಎರಡನೆಯ ಆಕ್ಷೇಪ ಪ್ರಚಾರದ್ದು. 1945ರ 'ಮಿಲ್ಡ್ರೆಡ್ ಪಿಯರ್ಸ್'ಗಾಗಿ ಜೋನ್ ಕ್ರಾಫರ್ಡ್ ಪರವಾಗಿ ಪ್ರಚಾರಕ ಹೆನ್ರಿ ರೋಜರ್ಸ್ ಮಾಡಿದ ಕೆಲಸದಿಂದ ಹಿಡಿದು, 1999ರಲ್ಲಿ ಗ್ವಿನೆತ್ ಪಾಲ್ಟ್ರೋ ಗೆದ್ದಾಗ 'ಶೇಕ್ಸ್‌ಪಿಯರ್ ಇನ್ ಲವ್' ಪರವಾಗಿ ಮಿರಾಮ್ಯಾಕ್ಸ್ ನಡೆಸಿದ ಅಬ್ಬರದವರೆಗೆ, ಹಣ ಗೆಲುವನ್ನು ಬಾಗಿಸುತ್ತದೆಂಬುದು ಸುಳ್ಳಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಐವರ ನಡುವೆ ಯಾರು ಎಂಬುದಕ್ಕೆ ನಿಯಮಾವಳಿ ಉತ್ತರ ಕೊಡುವುದಿಲ್ಲ. ಆದರೆ ಯಾವ ವಿಭಾಗದಲ್ಲಿ ನಿಲ್ಲಿಸಬೇಕೆಂಬುದೇ ಪ್ರಚಾರಕರ ಮೊದಲ ತೀರ್ಮಾನವೆಂದು ವಿನ್ಸ್ಲೆಟ್ ಪ್ರಸಂಗ ತೋರಿಸುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಗೆರೆ ನಾಮನಿರ್ದೇಶನಕ್ಕೂ ಹಿಂದೆ, ಪಾತ್ರ ಹಂಚುವಾಗಲೇ ಬೀಳುತ್ತದೆ. ರೈನರ್ 1937ರಲ್ಲಿ ಸತತ ಎರಡನೆಯ ಪ್ರಶಸ್ತಿ ಪಡೆದದ್ದು 'ದಿ ಗುಡ್ ಅರ್ತ್' ಚಿತ್ರದಲ್ಲಿ ಚೀನೀ ರೈತ ಹೆಣ್ಣು ಓ-ಲಾನ್ ಆಗಿ. ಆ ಪಾತ್ರಕ್ಕೆ ಚೀನೀ ಮೂಲದ ಅಮೆರಿಕನ್ ತಾರೆ ಅನ್ನಾ ಮೇ ವಾಂಗ್ ಅವರ ಹೆಸರಿತ್ತು. ಗಂಡನ ಪಾತ್ರ ಬಿಳಿಯ ನಟ ಪಾಲ್ ಮುನಿ ಅವರದು. ವರ್ಣಗಳ ನಡುವಿನ ದಾಂಪತ್ಯವನ್ನು ತೆರೆಯ ಮೇಲೆ ತರಲು ಅಂದಿನ ನಿರ್ಮಾಣ ಸಂಹಿತೆಯ ನೆರಳಿನಲ್ಲಿ ಸ್ಟುಡಿಯೋಗಳು ಹೆದರುತ್ತಿದ್ದವು. ಅದಕ್ಕೆ ಎರಡು ವರ್ಷ ಮೊದಲು, ಡೇವಿಸ್ ಗೆದ್ದ ಆ ಆರು ಹೆಸರುಗಳ ಪಟ್ಟಿಯಲ್ಲಿ 'ದಿ ಡಾರ್ಕ್ ಏಂಜೆಲ್'ನ ಮರ್ಲ್ ಒಬೆರಾನ್ ಇದ್ದರು. ಬೊಂಬಾಯಿಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದ ಅವರು ತಮ್ಮ ಭಾರತೀಯ ರಕ್ತವನ್ನು ಮುಚ್ಚಿಟ್ಟು, ಹುಟ್ಟೂರು ಟ್ಯಾಸ್ಮೇನಿಯಾ ಎಂದು ಹೇಳಿಕೊಂಡೇ ಬದುಕಿದರು. ನಿಜ ಬಯಲಾದದ್ದು 1979ರಲ್ಲಿ ಅವರು ತೀರಿಕೊಂಡ ಮೇಲೆ. 2023ರಲ್ಲಿ ಮಿಷೆಲ್ ಯೋ ಗೆದ್ದಾಗ, ಈ ವಿಭಾಗಕ್ಕೆ ಬಂದ ಮೊದಲ ಏಷ್ಯನ್ ಯಾರೆಂಬ ಲೆಕ್ಕಕ್ಕೆ ಒಬೆರಾನ್ ಹೆಸರಿನ ಜೊತೆ ಷರಾ ಸೇರಿಸಬೇಕಾಗಿ ಬಂತು.

ಡ್ಯಾಂಡ್ರಿಜ್ ಈ ವಿಭಾಗದಲ್ಲಿ ನಾಮನಿರ್ದೇಶನ ಪಡೆದ ಮೊದಲ ಕಪ್ಪು ನಟಿ. ಗೆದ್ದ ಮೊದಲಿಗರು 'ಮಾನ್ಸ್ಟರ್ಸ್ ಬಾಲ್'ನ ಹ್ಯಾಲಿ ಬೆರಿ, 2002ರ ಸಮಾರಂಭದಲ್ಲಿ. ಇಷ್ಟು ತಡವಾದದ್ದಕ್ಕೆ ಮತದಾರರ ಪಕ್ಷಪಾತವನ್ನು ಕಾರಣವಾಗಿ ಕೊಡುವವರಿದ್ದಾರೆ. ಆದರೆ 1954ರಿಂದ 2000ದವರೆಗಿನ ಚಿತ್ರಗಳಿಗೆ ಈ ವಿಭಾಗದಲ್ಲಿ ಒಟ್ಟು 235 ಸ್ಥಾನಗಳಿದ್ದವು. ಅವುಗಳಲ್ಲಿ ಕಪ್ಪು ನಟಿಯರಿಗೆ ಸಿಕ್ಕಿದ್ದು ಆರು: ಡ್ಯಾಂಡ್ರಿಜ್, ಡಯಾನಾ ರಾಸ್, ಸಿಸಿಲಿ ಟೈಸನ್, ಡಯಾನ್ ಕ್ಯಾರಲ್, ವೂಪಿ ಗೋಲ್ಡ್‌ಬರ್ಗ್, ಏಂಜೆಲಾ ಬ್ಯಾಸೆಟ್. ಕೊನೆಯ ಮತದಾನದಲ್ಲಿ ಅಣುವಿನಷ್ಟೂ ಪಕ್ಷಪಾತ ಇಲ್ಲದಿದ್ದರೂ, ಐವರಲ್ಲಿ ಒಬ್ಬರಿಗೆ ಗೆಲುವು ಎಂಬ ಲೆಕ್ಕದಲ್ಲಿ, ಆ ಆರು ಸ್ಥಾನಗಳಿಂದ ನಿರೀಕ್ಷಿಸಬಹುದಾಗಿದ್ದದ್ದು ಸುಮಾರು ಒಂದು ಪ್ರಶಸ್ತಿ. ಉಳಿದ 229 ಸ್ಥಾನಗಳ ಪ್ರಶ್ನೆಗೆ ಉತ್ತರವನ್ನು ಮತಪತ್ರಗಳಲ್ಲಿ ಹುಡುಕಿ ಫಲವಿಲ್ಲ. ಯಾವ ಕಥೆಯನ್ನು ಚಿತ್ರವಾಗಿಸಬೇಕು, ಅದರ ನಾಯಕಿ ಯಾರಾಗಬೇಕು ಎಂದು ಸ್ಟುಡಿಯೋಗಳು ವರ್ಷ ವರ್ಷವೂ ಮಾಡಿದ ಆಯ್ಕೆಗಳಲ್ಲಿ ಹುಡುಕಬೇಕು.