ಹುಬ್ಬಳ್ಳಿಗೆ ಒಂದು ಗಂಟೆ, ಏರ್‌ಪೋರ್ಟ್‌ಗೆ ಎರಡು ಗಂಟೆ

ಬೆಂಗಳೂರಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಮೊಬೈಲ್‌ನಲ್ಲಿ ಹುಡುಕಿದ್ರೆ ಒಂದು ಗಂಟೆ, ಹತ್ತು ನಿಮಿಷ ಆಚೀಚೆ ಅಂತ ಬರುತ್ತೆ. ರಸ್ತೆಯಲ್ಲಿ ಸುಮಾರು 410 ಕಿ.ಮೀ., ಆಕಾಶದಲ್ಲಿ 370ರ ಆಸುಪಾಸು. ಆದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತವರಿಗೆ ಇದು ಅರ್ಧ ಲೆಕ್ಕ. ಇಲ್ಲಿಂದ ದೇವನಹಳ್ಳಿಗೇ 50 ಕಿ.ಮೀ.ಗೂ ಹೆಚ್ಚು. ಸಂಜೆ ಹೊತ್ತು ಸಿಲ್ಕ್ ಬೋರ್ಡ್ ದಾಟಿ ಹೋಗಬೇಕು ಅಂದ್ರೆ ಎರಡು ಗಂಟೆ ಕೈಯಲ್ಲಿ ಇಟ್ಕೊಂಡೇ ಹೊರಡಬೇಕು.

ಮೊದಲು ಹೀಗಿರಲಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆ ಶುರು ಮಾಡಿದರು. ಅದೇ ಮುಂದೆ ಎಚ್‌ಎಎಲ್ ಆಯ್ತು. ಪ್ರಯಾಣಿಕರ ವಿಮಾನಗಳೂ ಅಲ್ಲಿನ ರನ್‌ವೇ ಮೇಲೇ ಇಳಿಯತೊಡಗಿದವು. ಅಲ್ಲಿಂದ ಮಾರತಹಳ್ಳಿ ದಾಟಿದ್ರೆ ವೈಟ್‌ಫೀಲ್ಡ್ ದಾರಿ. ಐಟಿ ಕಂಪನಿಗಳು ಬಂದ ಕಾಲಕ್ಕೆ ಏರ್‌ಪೋರ್ಟ್ ಅವರ ಪಕ್ಕದ ಮನೆ ಇದ್ದ ಹಾಗೆ.

2003ರ ಆಗಸ್ಟ್‌ನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದರು. ಅವರು ಮೊದಮೊದಲು ಹಾರಿಸಿದ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು. ರೆಕ್ಕೆಯ ಕೆಳಗೆ ಫ್ಯಾನ್ ತಿರುಗೋ ಪುಟ್ಟ ಎಟಿಆರ್ ವಿಮಾನ. ರಾತ್ರಿ ಬಸ್ಸಿನಲ್ಲಿ ಸೊಂಟ ಮುರ್ಕೊಂಡು ಹೋಗ್ತಿದ್ದ ನಮ್ಮ ಕಡೆಯವರಿಗೆ ವಿಮಾನ ಅನ್ನೋದು ಕೈಗೆಟುಕೋ ಮಾತಾಯ್ತು. ನನ್ನ ಮಟ್ಟಿಗೆ ಊರು ನಿಜವಾಗಿ ಹತ್ತಿರ ಬಂದ ವರ್ಷಗಳು ಅಂದ್ರೆ ಆ ನಾಲ್ಕೈದೇ.

2008ರ ಮೇ 24ಕ್ಕೆ ದೇವನಹಳ್ಳಿ ನಿಲ್ದಾಣ ತೆರೆಯಿತು, ಎಚ್‌ಎಎಲ್‌ನ ಪ್ರಯಾಣಿಕ ಸೇವೆ ನಿಂತಿತು. ಎರಡೂ ಇರಲಿ ಅಂತ ಊರಲ್ಲಿ ಆಗ ಗಲಾಟೆಯೇ ನಡೀತು. ಆದರೆ ಒಪ್ಪಂದದ ಪ್ರಕಾರ ಮೈಸೂರು, ಹಾಸನ ಬಿಟ್ಟರೆ 150 ಕಿ.ಮೀ. ಒಳಗೆ 25 ವರ್ಷ ಇನ್ನೊಂದು ನಿಲ್ದಾಣ ಬರುವಂತಿಲ್ಲ. ಹೊಸ ನಿಲ್ದಾಣಕ್ಕೆ ದುಡ್ಡು ಹಾಕಿದವರಿಗೆ ಆ ಭರವಸೆ ಬೇಕಿತ್ತು, ಸರಿ. ದೊಡ್ಡ ವಿಮಾನಗಳಿಗೆ ಜಾಗವೂ ಬೇಕಿತ್ತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ವಿಮಾನ ಬಂದಿಳಿದದ್ದು ಇಲ್ಲಿಗೇ. ಪೈಲಟ್‌ಗಳೆಲ್ಲ ಹೆಂಗಸರು, ಉತ್ತರ ಧ್ರುವದ ಮೇಲೆ ಹಾದು, ಸುಮಾರು 14,000 ಕಿ.ಮೀ., 17 ಗಂಟೆ. ಆನ್‌ಸೈಟ್ ಹೋಗೋರಿಗೆ ಒಳ್ಳೇದೇ ಆಯ್ತು. ಲೆಕ್ಕ ತಪ್ಪಿದ್ದು ಒಂದು ಗಂಟೆಯ ದಾರಿಯವರಿಗೆ.

ನಮ್ಮ ಕಡೆ ಮಣ್ಣಿಗೆ ಹೊತ್ತು ಮುಳುಗೋ ತನಕ ಕಾದರೆ ಅದೇ ಹೆಚ್ಚು. ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದಾಗ ಬೆಳಿಗ್ಗೆ ಒಂಬತ್ತು. ಮಧ್ಯಾಹ್ನದ ವಿಮಾನ ಇತ್ತು, ಸೀಟೂ ಇತ್ತು. ಆದರೂ ಅಣ್ಣ, ನಾನು ಕಾರು ಹತ್ತಿದ್ವಿ. ಏರ್‌ಪೋರ್ಟ್‌ಗೆ ಎರಡು ಗಂಟೆ, ಚೆಕ್-ಇನ್ನಿಗೆ ಒಂದೂವರೆ, ಹಾರೋದು ಒಂದು, ಆಮೇಲೆ ಹುಬ್ಬಳ್ಳಿಯಿಂದ ನಮ್ಮ ಹಳ್ಳಿ. ಅಷ್ಟರಲ್ಲಿ ಕಾರು ಹಾವೇರಿ ದಾಟಿರುತ್ತೆ. ಐದು ಗಂಟೆಗೆ ಮುಟ್ಟಿದ್ವಿ, ಮುಖ ನೋಡೋಕೆ ಸಿಕ್ತು.

ಪೀಣ್ಯದವರ ಕಥೆ ಬೇರೆ. ಅಲ್ಲಿನ ಕಾರ್ಖಾನೆಗಳಲ್ಲಿ ಹಾವೇರಿ, ಗದಗ ಕಡೆಯ ಹುಡುಗರಿಗೆ ಹೆದ್ದಾರಿಯೇ ಬಾಗಿಲು. ಜಾಲಹಳ್ಳಿ ಕ್ರಾಸ್‌ನಲ್ಲಿ ಬ್ಯಾಗ್ ಹಿಡ್ಕೊಂಡು ನಿಂತರೆ ರಾತ್ರಿ ಬಸ್ಸು. ಉತ್ತರ ಕರ್ನಾಟಕದ ಬಸ್ಸುಗಳಿಗೇ ಅಂತ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣವನ್ನೂ ಕಟ್ಟಿದರು, ಜನ ಮಾತ್ರ ಮೆಜೆಸ್ಟಿಕ್ ಬಿಡಲಿಲ್ಲ. 2023ರ ಜೂನ್ 27ರಿಂದ ಧಾರವಾಡದ ವಂದೇ ಭಾರತ್ ಓಡ್ತಿದೆ. ಹುಬ್ಬಳ್ಳಿಗೆ ಆರು ಗಂಟೆ ಹತ್ತಿರ, ಯಶವಂತಪುರದಲ್ಲಿ ನಿಲ್ಲುತ್ತೆ. ಪೀಣ್ಯದಿಂದ ಅಲ್ಲಿಗೆ ಮೆಟ್ರೋದಲ್ಲಿ ಕಾಲು ಗಂಟೆ.